ಎರಡನೇ ಹಿಡಿ

ಸಿದ್ದಾಪುರದ ಆಸ್ಪತ್ರೆಯ ಹಳೆಯ ಮಂಚದ ಎತ್ತರ
ಮೂವತ್ತನಾಲ್ಕು ಇಂಚು.
ನಾನೇ ಟೇಪು ಹಿಡಿದು ಅಳೆದೆ.
ಹತ್ತಲು ಒಂದು ಸ್ಟೂಲು, ಸ್ಟೂಲಿಗೆ ಮೂರೂವರೆ ಕಾಲು,
ಉಳಿದರ್ಧಕ್ಕೆ ಮಡಚಿಟ್ಟ ಔಷಧದ ರಟ್ಟು.

ಗೇಟು ಮಾಡುವವನು ನಾನು. ಗೇಟು, ಗ್ರಿಲ್ಲು,
ಮೆಣಸು ಕೊಯ್ಯುವ ಅಲ್ಯೂಮಿನಿಯಂ ಏಣಿ,
ಜೀಪಿನ ಹಿಂದೆ ಗೊಬ್ಬರದ ಮೂಟೆಗೊಂದು ಕ್ಯಾರಿಯರು.
ಮೂಟೆ ದೂರು ಹೇಳುವುದಿಲ್ಲ.
ಹಿಲ್ಡಾ ಸಿಸ್ಟರು ಹೇಳಿದರು: 'ಮೊಯ್ದು, ಇದು
ಏರಬೇಕು, ಇಳಿಯಬೇಕು, ಬೆನ್ನು ಏಳಬೇಕು,
ಕಾಲಿನ ಕಡೆ ಬೇರೆ, ತಲೆಯ ಕಡೆ ಬೇರೆ.
ಕರೆಂಟು ಮಾತ್ರ ಬೇಡ,
ಹೋದರೆ ರೋಗಿ ಮೇಲೆಯೇ ಉಳಿದಾಳು.'

ಮೊದಲು ಜಾಕಿ.
ಎಸ್ಟೇಟಿನ ಶೆಡ್ಡಿನಲ್ಲಿ ಸತ್ತುಬಿದ್ದ ಜೀಪಿನದು,
ಮರೆ ಇನ್ನೂ ಸವೆದಿರಲಿಲ್ಲ.
ತಿರುಗಿಸಲು ಪಲ್ಪರಿನ ಕೈಚಕ್ರ,
ಕಾಫಿಯ ಸಿಪ್ಪೆ ಸುಲಿದು ಸುಲಿದು ನುಣ್ಣಗಾದ ಹಿಡಿ.
ಬೆನ್ನಿಗೆ, ಆರಾಮ ಕುರ್ಚಿಯ ಹಲ್ಲುಪಟ್ಟಿಯ ಹಾಗೆ
ಹದಿನೈದು, ಮೂವತ್ತು, ನಲವತ್ತೈದು ಡಿಗ್ರಿ:
ಸೀಮೆಸುಣ್ಣದಲ್ಲಿ ಬರೆದೆ, ಆಮೇಲೆ ಕೊರೆದೆ.

ನಕ್ಷೆ ಕಾಗದದಲ್ಲಿ ಮೂಡಲಿಲ್ಲ.
ಅಂಗಡಿಯ ಸಿಮೆಂಟು ನೆಲದ ಮೇಲೆ
ಸಜೀಶನನ್ನು ಮಲಗಿಸಿ ಸುತ್ತ ಗೆರೆ ಎಳೆದೆ,
ಪೊಲೀಸರು ಹೆಣಕ್ಕೆ ಎಳೆಯುತ್ತಾರಲ್ಲ, ಹಾಗೆ. ಅವನು ನಕ್ಕ.
ಮನುಷ್ಯ ಎಲ್ಲಿ ಮಡಚುತ್ತಾನೆ ಎಂದು
ಆ ದಿನದವರೆಗೆ ನನಗೆ ಗೊತ್ತಿರಲಿಲ್ಲ.
ಸೊಂಟದಲ್ಲಿ ಅಂದುಕೊಂಡಿದ್ದೆ. ಅಲ್ಲ,
ಅದಕ್ಕಿಂತ ನಾಲ್ಕು ಬೆರಳು ಕೆಳಗೆ.
ಕೀಲು ಮೇಲಿದ್ದರೆ, ಬೆನ್ನು ಎದ್ದಾಗ
ಮೈ ಕೆಳಕ್ಕೆ ಜಾರುತ್ತದೆ, ಅಂಗಿ ಮೇಲಕ್ಕೆ ಸರಿಯುತ್ತದೆ.
'ಸರಿದರೆ ಏನೀಗ?' ಎಂದ ಸಜೀಶ.
ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದ ನಬೀಸಾ
ಏನೂ ಹೇಳದೆ ಲೋಟ ಕೆಳಗಿಟ್ಟು ಹೋದಳು.
ಕೀಲು ಕತ್ತರಿಸಿ ಮತ್ತೆ ಬೆಸೆದೆ.

ಕಾಲು ಮೇಲಿಡುವ ಆಸರೆಗಳ ಬಗ್ಗೆ
ಸಿಸ್ಟರು ಫೋನಿನಲ್ಲಿ ವಿವರಿಸುವಾಗ
ಗ್ರೈಂಡರು ಆರಿಸದೆ ಕೇಳಿದೆ. ಅರ್ಧ ಕೇಳಿಸಿತು.
ಉಳಿದರ್ಧ ರಾತ್ರಿ ನಬೀಸಾ ಹೇಳಿದಳು:
'ಮಡಿಕೇರಿಯಲ್ಲಿ, ಎರಡನೆಯವಳು ಹುಟ್ಟುವಾಗ.
ನೋವು ಮರೆತುಹೋಯಿತು.
ಹಿಮ್ಮಡಿಗೆ ತಾಗಿದ ಆ ಕಬ್ಬಿಣದ ತಣುಪು ಇದೆ, ಇನ್ನೂ.'
ಟ್ಯೂಬಿನ ರಬ್ಬರು ಸುತ್ತಿ ಕೊಟ್ಟೆ.
ಅದರ ಮೇಲೆ ಫ್ಲಾನೆಲ್ಲು ಹೊಲಿದವಳು ಅವಳೇ.

ಮಂಚ ಒಯ್ಯುವ ದಿನ ಆನೆ ರಸ್ತೆಗಿಳಿದು
ಜೀಪು ಒಂದು ಗಂಟೆ ನಿಂತಿತು.

ಮೊದಲು ಮಲಗಿದವಳು ಕರ್ಪಿ,
ಪಾಲಿಬೆಟ್ಟದ ಕಡೆಯ ಲೈನುಮನೆಯವಳು.
ಮೆಣಸಿನ ಏಣಿಯಿಂದ ಬಿದ್ದು ಆರು ವಾರ.
ಏಣಿ ಯಾರು ಮಾಡಿದ್ದೆಂದು ನಾನು ಕೇಳಲಿಲ್ಲ.
ಹದಿನೆಂಟು ಇಂಚಿಗೆ ಇಳಿಸಿದೆವು,
ಅಂಚಿಗೆ ಬಂದು ತಾನೇ ಕೂತಳು, ತಾನೇ ಒರಗಿದಳು.
ಸಿಸ್ಟರು ಚಕ್ರ ತಿರುಗಿಸಿದರು.
ಕರ್ಪಿ ಏರಿದಳು. ತಲೆಯ ಕಡೆ ಸ್ವಲ್ಪ ತಗ್ಗಿತು.
ಕಣ್ಣು ಬಿಗಿ ಮುಚ್ಚಿ, ಎರಡೂ ಕೈ ಚಾಚಿ
ಗಾಳಿಯಲ್ಲಿ ಹುಡುಕಿದಳು, ಬಳ್ಳಿಯನ್ನೋ ಮರವನ್ನೋ.
'ಸಾಕು ಅನಿಸಿದರೆ ನಾನು ಯಾವುದನ್ನು ಹಿಡಿಯಲಿ?'

'ಬಾಯಲ್ಲಿ ಹೇಳಿದರೆ ನಿಲ್ಲಿಸುತ್ತೇವಲ್ಲ' ಎಂದರು ಡಾಕ್ಟರು.
ಅದೂ ನಿಜವೇ.

ಮಂಚ ಮತ್ತೆ ನನ್ನ ಅಂಗಡಿಗೆ ಬಂದಿದೆ.
ಮಲಗಿದವರ ಎಡಗೈಗೆ ಒಂದು ಚಿಕ್ಕ ಹಿಡಿ,
ಅದಕ್ಕೆ ಸೈಕಲ್ಲಿನ ಬ್ರೇಕ್ ತಂತಿ,
ಹಿಚುಕಿದರೆ ಚಕ್ರ ಕಚ್ಚಿಕೊಂಡು ನಿಲ್ಲಬೇಕು.
ಐದು ಸಲ ಕಟ್ಟಿದೆ, ಮೂರು ಸಲ ಜಾರಿತು.
ಸಜೀಶ ತಿರುಗಿಸುತ್ತಾನೆ, ನಾನು ಮಲಗುತ್ತೇನೆ.
ನಲವತ್ತು ವರ್ಷ ಕಬ್ಬಿಣವನ್ನು ನಿಂತೇ ನೋಡಿದವನು;
ಈಗ ಶೀಟಿನ ತೂತಿನ ಬೆಳಕು
ಪಾದದ ಕಡೆ ಸರಿಯುತ್ತದೆ, ಕಿವಿಯಲ್ಲಿ ರಕ್ತ ಗುಂಯ್ ಎನ್ನುತ್ತದೆ,
ಹುಡುಗನ ಮುಖ ತಲೆಕೆಳಗಾಗಿ ಬಹಳ ದೊಡ್ಡದು.
ಕೈ ಇಳಿಬಿಟ್ಟು ತಡಕುತ್ತೇನೆ. ಸಿಕ್ಕಿತು.
ನಿಂತಿತು.

ಆದರೂ ಇನ್ನೆರಡು ಇಂಚು ಹತ್ತಿರ ತರಬೇಕು.
ಕರ್ಪಿಯ ಕೈ ನನ್ನದಕ್ಕಿಂತ ಗಿಡ್ಡ.